ಅಮರಾಪುರದ ದಾರಿ

ಆಂಧ್ರದ ಗಡಿಯೂರು ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಶಿವಲೀಲಾ ಮತ್ತು ರಾಧಾ ಹದಿನೆಂಟು ವರ್ಷ ಪಕ್ಕಪಕ್ಕದ ಮಿಷಿನ್ನಿಗೆ ಕೂತವರು. ಶಿವಲೀಲಾ ಜೇಬು ಕೂರಿಸುವವಳು, ರಾಧಾ ಜಿಪ್ ಹಚ್ಚುವವಳು. ಶಿವಲೀಲಾಳ ಗಂಡ ತೀರಿಕೊಂಡಾಗ ಮೂರು ತಿಂಗಳು ದಿನಾ ಎರಡು ಬುತ್ತಿ ಕಟ್ಟಿಕೊಂಡು ಬಂದು, ಎದುರಿಗೆ ಕೂತು ಉಣ್ಣಿಸಿದವಳು ಇದೇ ರಾಧಾ. ಆದ್ದರಿಂದ ಆ ವರ್ಷ ಬೇಸಿಗೆಯಲ್ಲಿ ರಾಧಾ ಲೇಪಾಕ್ಷಿಗೆ ಹೋಗೋಣ ಎಂದಾಗ ಶಿವಲೀಲಾ ಎರಡನೇ ಮಾತಾಡಲಿಲ್ಲ.

ಒಂದೇ ಒಂದು ಅಳುಕಿತ್ತು. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ರಾಯದುರ್ಗಕ್ಕೆ ಬರುವವರಿದ್ದರು. ಎರಡು ತಿಂಗಳ ಹಿಂದೆ, ತೊಳೆದ ಪ್ಯಾಂಟುಗಳ ನೀರು ಹಿಂಡುವ ಯಂತ್ರಕ್ಕೆ ಸಿಕ್ಕು ಮೌನಿಕಾ ಎಂಬ ಹುಡುಗಿಯ ಬಲಗೈಯ ಮೂರು ಬೆರಳು ಹೋಗಿದ್ದವು. ಆ ಹೊತ್ತಿಗೆ ನೀರು ಕುಡಿಯಲು ಅತ್ತ ಹೋಗಿದ್ದ ಶಿವಲೀಲಾಳೇ ಸ್ವಿಚ್ ಆರಿಸಿ ಕೈ ಬಿಡಿಸಿದ್ದಳು. ಆದರೆ ಮಾಲೀಕನ ಹಾಜರಿ ಪುಸ್ತಕದಲ್ಲಿ ಆ ದಿನ ಮೌನಿಕಾಳ ಹೆಸರೇ ಇರಲಿಲ್ಲ. ಅವಳು ತಮ್ಮ ಕೆಲಸದವಳೇ ಅಲ್ಲ, ಯಾರನ್ನೋ ನೋಡಲು ಒಳಗೆ ಬಂದಿದ್ದಳು ಎಂದು ಅವನು ಬರೆದುಕೊಟ್ಟಿದ್ದ. ಕಂಡವರು ಬಹಳ ಜನ. ಕಂಡದ್ದನ್ನು ಹೇಳುತ್ತೇನೆ ಎಂದವಳು ಶಿವಲೀಲಾ ಒಬ್ಬಳೇ.

ರಾಧಾ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಭಾನುವಾರ ಬೆಳಿಗ್ಗೆ ಹೊರಟು ವೀರಭದ್ರನ ದರ್ಶನ ಮಾಡಿ, ಹಿಂದೂಪುರದಲ್ಲಿ ಇದ್ದು, ಸೋಮವಾರ ಏಳಕ್ಕೆ ಹೊರಟರೆ ಹನ್ನೆರಡರೊಳಗೆ ಊರು. ಸಾಕ್ಷಿ ಹೇಳುವ ಮುಂಚೆ ದೇವರಿಗೆ ಕೈಮುಗಿದು ಬಂದರೆ ಧೈರ್ಯ ಬರುತ್ತದೆ ಎಂದಳು. ಕಾರು ಭುವನಾಳದು. ಅವಳು ಬಟನ್ ಹಚ್ಚುವ ವಿಭಾಗದವಳು, ಇವರಿಬ್ಬರಿಗಿಂತ ಹತ್ತು ವರ್ಷ ಚಿಕ್ಕವಳು. ಗಂಡನ ಹಳೆಯ ಕಾರನ್ನು ಅವನಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು.

ಭಾನುವಾರ ಸುಖವಾಗಿಯೇ ಕಳೆಯಿತು. ಕಲ್ಲಿನ ದೊಡ್ಡ ಬಸವಣ್ಣನ ಮುಂದೆ ಮೂವರೂ ನಿಂತು ಫೋಟೊ ತೆಗೆಸಿಕೊಂಡರು. ಭುವನಾ ಅವನ್ನು ಅಲ್ಲೇ ಸ್ಟೇಟಸ್‌ಗೆ ಹಾಕಿದಳು. ಗಂಡ ಸತ್ತ ಮೇಲೆ ಊರು ಬಿಟ್ಟು ಒಂದು ರಾತ್ರಿ ಹೊರಗೆ ಇದ್ದದ್ದು ಶಿವಲೀಲಾಗೆ ಅದೇ ಮೊದಲು.

ಸೋಮವಾರ ಹೊರಡುವುದು ಒಂಬತ್ತಾಯಿತು. ರಾಧಾ ತಲೆಸ್ನಾನ ಮಾಡಿ ಕೂದಲು ಆರಿಸಿಕೊಳ್ಳುತ್ತ ತಡ ಮಾಡಿದಳು. ಮಡಕಶಿರಾ ಬಂದಾಗ ಹತ್ತು. ಪಾವಗಡದ ಕಡೆ ಹೊರಳಬೇಕಾದ ಕಾರು ಅಮರಾಪುರದ ರಸ್ತೆಗೆ ಇಳಿಯಿತು. ಶಿವಲೀಲಾ ದಾರಿ ತಪ್ಪಿತೇನೋ ಎಂದು ಕೇಳಿದಳು. ಇಲ್ಲ, ಅಮರಾಪುರದ ಆಚೆ ತನ್ನ ದೊಡ್ಡಮ್ಮನ ಊರಿದೆ, ಮೈಯಲ್ಲಿ ಹುಷಾರಿಲ್ಲವಂತೆ, ಹತ್ತು ನಿಮಿಷ ಮುಖ ತೋರಿಸಿ ಬರೋಣ ಎಂದಳು ರಾಧಾ. ಭುವನಾ ರಸ್ತೆಯನ್ನೇ ನೋಡುತ್ತಿದ್ದಳು. ಹುಷಾರಿಲ್ಲದ ಮುದುಕಿಯನ್ನು ನೋಡಬೇಡ ಎನ್ನಲು ಶಿವಲೀಲಾಗೆ ಬಾಯಿ ಬರಲಿಲ್ಲ.

ದೊಡ್ಡಮ್ಮ ದ್ಯಾಮಮ್ಮ ಗುಂಡುಕಲ್ಲಿನಂತಿದ್ದಳು. ಬಾಗಿಲಲ್ಲೇ ನಿಂತು ಕರೆದು, ಚಾಪೆ ಹಾಸಿ, ಎಳನೀರು ಕೊಟ್ಟಳು. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು. ಶಿವಲೀಲಾ ಎದ್ದಾಗಲೆಲ್ಲ ರಾಧಾ, ಊಟ ಬೇಡ ಎಂದರೆ ಮುದುಕಿ ನೊಂದುಕೊಳ್ಳುತ್ತಾಳೆ ಎಂದು ಕೂರಿಸಿದಳು. ಹನ್ನೊಂದೂವರೆಗೆ ಭುವನಾ ಹೊರಗೆ ಹೋಗಿ ಬಂದು, ಕಾರು ಯಾಕೋ ಸ್ಟಾರ್ಟ್ ಆಗುತ್ತಿಲ್ಲ, ಮೆಕ್ಯಾನಿಕ್‌ಗೆ ಹೇಳಿದ್ದೇನೆ ಎಂದಳು. ಶಿವಲೀಲಾ ಬಸ್ಸಿನ ಹೊತ್ತು ಕೇಳಲು ಅಡಿಗೆಮನೆಗೆ ಹೋದಳು. ದ್ಯಾಮಮ್ಮ ಒಲೆಯ ಮುಂದೆ ಒಬ್ಬಟ್ಟು ತಟ್ಟುತ್ತಿದ್ದಳು.

"ಬಸ್ಸು ಯಾಕವ್ವ ಈಗ?" ಎಂದಳು ಮುದುಕಿ. "ಸಾಯಂಕಾಲದ ಗಂಟ ಇರ್ತೀವಿ ಅಂತ ಶುಕ್ರವಾರನೇ ಫೋನ್ ಮಾಡಿ ಹೇಳಿದ್ಲಲ್ಲ ರಾಧಾ. ಅದುಕ್ಕೇ ಬೆಳಿಗ್ಗೇನೇ ಬೇಳೆ ಬೇಯಾಕಿದ್ದು."

ಶಿವಲೀಲಾ ನಡುಮನೆಗೆ ಹಿಂದಿರುಗಿದಳು. ಶುಕ್ರವಾರ. ಲೇಪಾಕ್ಷಿಗೆ ಯಾವ ಸೀರೆ ಉಡಲಿ ಎಂದು ಅವಳು ರಾಧಾಳನ್ನು ಕೇಳಿದ್ದೂ ಶುಕ್ರವಾರವೇ. ಚಾಪೆಯ ಮೇಲೆ ಕೂತಿದ್ದ ರಾಧಾ ಅವಳ ಮುಖ ನೋಡಿದವಳೇ ತಿಳಿದುಕೊಂಡಳು.

"ಕಾರಿಗೆ ಏನೂ ಆಗಿಲ್ಲ, ಹೌದಲ್ಲ?" ಎಂದಳು ಶಿವಲೀಲಾ.

ರಾಧಾ ತಲೆ ತಗ್ಗಿಸಲಿಲ್ಲ. "ಕೂತ್ಕೊ, ಹೇಳ್ತೀನಿ. ಕೇಸ್ ಬಿತ್ತಂದ್ರ ಮಾಲೀಕ ಘಟಕ ಮುಚ್ತಾನ. ಇನ್ನೂರು ಮಂದಿ ಎಲ್ಲಿಗೆ ಹೋಗಬೇಕು? ನಿನ್ನ ಒಳ್ಳೇದಕ್ಕೂ ಸೇರಿಸೇ ಮಾಡೀನಿ. ನೀನಾಗಿ ಹಿಂದ ಸರಿಯಲ್ಲ ಅಂತ ನನಗ ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನ ದೇವರ ಮುಂದ ನಿಲ್ಲಿಸಿದಿ."

ಅಷ್ಟು ಹೇಳಿ ಶಿವಲೀಲಾ ಚೀಲ ತೆಗೆದುಕೊಂಡು ಹೊರಬಿದ್ದಳು. ರಾಧಾ ಹೊಸ್ತಿಲ ತನಕ ಬಂದು ಎರಡು ಸಲ ಹೆಸರು ಹಿಡಿದು ಕರೆದಳು. ಊರ ಮುಂದಿನ ರಸ್ತೆಯಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಶಿವಲೀಲಾ ಅಮರಾಪುರದ ದಿಕ್ಕಿಗೆ ನಡೆದಳು. ನಡೆಯುವಾಗ ಅಳು ಬರಲಿಲ್ಲ. ಆ ಮೂರು ತಿಂಗಳ ಬುತ್ತಿಗಳು ಒಂದೊಂದಾಗಿ ನೆನಪಾದವು. ಅವನ್ನು ಈಗ ಏನು ಮಾಡಬೇಕು ಎಂದು ತಿಳಿಯಲಿಲ್ಲ.

ಒಂದು ಮೈಲಿ ನಡೆದಿರಬೇಕು, ಹಿಂದಿನಿಂದ ಕಾರು ಬಂದು ನಿಂತಿತು. ಭುವನಾ ಒಬ್ಬಳೇ ಇದ್ದಳು. "ಹತ್ತಕ್ಕಾ, ಬಿಡ್ತೀನಿ" ಎಂದಳು. ಆ ಕಾರಿಗೆ ಮತ್ತೆ ಕಾಲಿಡುವುದು ಶಿವಲೀಲಾಗೆ ಬೇಡವಾಗಿತ್ತು. ಆದರೆ ಬಸ್ಸಿಗೆ ಕಾದರೆ ಕತ್ತಲಾಗುತ್ತದೆ, ಅಲ್ಲಿ ಮೌನಿಕಾ ಕಾಯುತ್ತಿರುತ್ತಾಳೆ. ಹಿಂದಿನ ಸೀಟಿಗೆ ಹತ್ತಿದಳು.

ಪಾವಗಡ ದಾಟಿದ ಮೇಲೆ ಭುವನಾ ತಾನಾಗಿ ಬಾಯಿಬಿಟ್ಟಳು. ಮಾಲೀಕ ಬುಧವಾರ ಇಬ್ಬರನ್ನೂ ಕರೆಸಿದ್ದನಂತೆ. ರಾಧಾಳಿಗೆ ಸೂಪರ್‌ವೈಸರ್ ಕೆಲಸ, ಭುವನಾಳ ತಂಗಿಗೆ ಹೊಲಿಗೆಯ ಕೆಲಸ ಎಂದಿದ್ದನಂತೆ.

"ಟೂರ್ ಮಾಡಿಸ್ರಿ ಅಂತ ಅವನೇ ಹೇಳಿದ್ನೇನು?" ಎಂದು ಶಿವಲೀಲಾ ಕೇಳಿದಳು.

"ಇಲ್ಲಕ್ಕಾ. ಅವನು ನಿನಗ ಸಾಕ್ಷಿ ಹೇಳದಂಗ ಬುದ್ಧಿ ಹೇಳ್ರಿ ಅಂದ ಅಷ್ಟ. ಲೇಪಾಕ್ಷಿ, ದೊಡ್ಡಮ್ಮನ ಮನಿ, ಎಲ್ಲಾ ರಾಧಕ್ಕನೇ ತೆಗದಿದ್ದು."

ಎರಡಕ್ಕೆ ಇನ್ನೂ ಕಲ್ಯಾಣದುರ್ಗ ಬಂದಿರಲಿಲ್ಲ. ಶಿವಲೀಲಾ ಮೌನಿಕಾಳಿಗೆ ಫೋನ್ ಮಾಡಿದಳು. ಅವಳ ತಾಯಿ ತಿಪ್ಪಕ್ಕ ಎತ್ತಿದಳು. ಶಿವಲೀಲಾ ಬೇಡಿಕೊಂಡದ್ದಕ್ಕೆ ಅಧಿಕಾರಿಯ ಕೈಗೆ ಫೋನ್ ಕೊಟ್ಟಳು. ಫೋನಿನಲ್ಲಿ ಹೇಳಿಕೆ ಬರೆದುಕೊಳ್ಳಲು ಬರುವುದಿಲ್ಲ, ಮೂರರ ತನಕ ಇರುತ್ತೇನೆ ಎಂದು ಅವರು ತೆಲುಗಿನಲ್ಲಿ ಹೇಳಿದರು. ಕಾರು ರಾಯದುರ್ಗದ ವಿಚಾರಣೆಯ ಕಚೇರಿಯ ಮುಂದೆ ನಿಂತಾಗ ಮೂರೂ ಇಪ್ಪತ್ತು. ಅವರ ಜೀಪು ಹೋಗಿಯಾಗಿತ್ತು. ಸಾಕ್ಷಿ ಗೈರುಹಾಜರು ಎಂದು ಬರೆದುಕೊಂಡು ಹೋದರೆಂದು ಜವಾನ ಹೇಳಿದ.

ಮೌನಿಕಾ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತಿದ್ದಳು. ಶಿವಲೀಲಾ ಹತ್ತಿರ ಹೋಗುವಷ್ಟರಲ್ಲಿ ತಿಪ್ಪಕ್ಕ ಎದ್ದು ಅಡ್ಡ ನಿಂತಳು. "ಬಸವಣ್ಣನ ಮುಂದ ನಿಂತಿದ್ದು ಫೋಟೊ ನೋಡೀವಿ" ಎಂದಳು. "ಬರಲ್ಲ ಅಂತ ಮೊದ್ಲೇ ಹೇಳಿದ್ರ ನಾವು ಆಸೆ ಇಟ್ಕಂತಿರಲಿಲ್ಲ."

ಶಿವಲೀಲಾ ನಡೆದದ್ದನ್ನೆಲ್ಲ ಹೇಳಿದಳು. ತಿಪ್ಪಕ್ಕ ನಂಬಲಿಲ್ಲ. ರಾಧಾ, ಶಿವಲೀಲಾ ಇಬ್ಬರೂ ಎರಡು ಜೀವ ಒಂದು ಉಸಿರು ಎಂದು ಊರಿಗೇ ಗೊತ್ತಿತ್ತು. ಮೌನಿಕಾ ತಲೆ ಎತ್ತಿ ನೋಡಲೇ ಇಲ್ಲ.

ಮರುದಿನ ಶಿವಲೀಲಾ ಮೊದಲ ಬಸ್ಸಿಗೆ ಅನಂತಪುರಕ್ಕೆ ಹೋಗಿ ಅಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ಮೂರು ವಾರಕ್ಕೆ ಇನ್ನೊಂದು ದಿನ ಕೊಟ್ಟರು. ಅಷ್ಟರಲ್ಲಿ ಅವಳ ಮಿಷಿನ್ನಿಗೆ ಭುವನಾಳ ತಂಗಿಯನ್ನು ಕೂರಿಸಿದ್ದರು. ಇನ್ನು ಬರಬೇಡವೆಂದು ಮಾಲೀಕ ಹೇಳಿಸಿದ್ದು ಹೊಸ ಸೂಪರ್‌ವೈಸರ್ ರಾಧಾಳ ಬಾಯಿಂದಲೇ. ರಾಧಾ ಅದನ್ನು ಹೇಳುವಾಗ ಕತ್ತರಿಸಿಟ್ಟ ಬಟ್ಟೆಯ ರಾಶಿಯನ್ನು ನೋಡುತ್ತಿದ್ದಳು.

ವಿಚಾರಣೆಯ ದಿನ ಮಾಲೀಕನ ಕಡೆಯವರ ಜೊತೆ ರಾಧಾಳೂ ಬಂದಿದ್ದಳು. ಶಿವಲೀಲಾ ಕಂಡದ್ದನ್ನು ಕಂಡಂತೆ ಹೇಳಿದಳು: ಹೊತ್ತು, ಸ್ವಿಚ್ಚು, ನೆಲದ ಮೇಲಿನ ರಕ್ತ. ಎಲ್ಲ ಬರೆದುಕೊಂಡು ಅಧಿಕಾರಿ, ಮೊದಲ ಸಲ ಯಾಕೆ ಬರಲಿಲ್ಲ ಎಂದು ಕೇಳಿದರು.

"ಬರದಂಗ ಮಾಡಿದ್ರು ಸಾರ್."

"ಯಾರು?"

ಗೋಡೆಯ ಹತ್ತಿರ ನಿಂತಿದ್ದ ರಾಧಾ ಈ ಸಲ ತಲೆ ಎತ್ತಿದಳು. ಕಣ್ಣಿನಲ್ಲಿ ಬೇಡಿಕೆಯಿತ್ತು. ಹೆಸರು ಹೇಳಿದರೆ ಅವಳ ಕೆಲಸವಷ್ಟೇ ಅಲ್ಲ, ಮರ್ಯಾದೆಯೂ ಹೋಗುತ್ತದೆ ಎಂದು ಶಿವಲೀಲಾಗೆ ಗೊತ್ತಿತ್ತು. ಹೇಳದಿದ್ದರೆ ತಿಪ್ಪಕ್ಕ ಹೇಳಿದ್ದೇ ನಿಜವಾಗಿ ಉಳಿಯುತ್ತದೆ.

"ರಾಧಾ, ಸಾರ್. ಅಲ್ಲಿ ನಿಂತಾಳ ನೋಡ್ರಿ. ನನ್ನ ಗೆಳತಿ."

ಎರಡು ತಿಂಗಳಿಗೆ ಮೌನಿಕಾ ಘಟಕದ ಕೆಲಸದವಳೇ ಎಂದು ಆದೇಶ ಬಂತು. ಘಟಕ ಮುಚ್ಚಲಿಲ್ಲ. ತಿಪ್ಪಕ್ಕ ಬಂದು ಕೈ ಹಿಡಿದುಕೊಂಡು ತಪ್ಪಾಯಿತೆಂದಳು. ಶಿವಲೀಲಾ ಈಗ ಕೋಟೆಯ ಬುಡದ ಇನ್ನೊಂದು ಘಟಕದಲ್ಲಿ ಜೇಬು ಕೂರಿಸುತ್ತಾಳೆ. ಪಕ್ಕದ ಮಿಷಿನ್ನಿನವಳು ಒಳ್ಳೆಯವಳು, ಮಧ್ಯಾಹ್ನ ಒಟ್ಟಿಗೆ ಉಣ್ಣೋಣ ಎಂದು ದಿನಾ ಕರೆಯುತ್ತಾಳೆ. ಶಿವಲೀಲಾ ಹಸಿವಿಲ್ಲ ಎನ್ನುತ್ತಾಳೆ.