ಸತ್ತ ಗುಂಡಿಯ ಸ್ವರ

ಯಾರೋ ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ಕಚಕಚ ಕಚ್ಚುತ್ತಿದ್ದಾರೆ, ವೇದಿಕೆಯ ಪಕ್ಕದಲ್ಲೇ, ಆ ಸದ್ದಿಗೇ ದೆಯಾನೀರಾಳ ಹಲ್ಲು ಜುಂ ಅಂತಿದೆ, ಬಾಯಲ್ಲಿ ಮಾತ್ರ ಒಂದು ತೊಟ್ಟು ನೀರಿಲ್ಲ, ಅಕಾರ್ಡಿಯನ್ನಿನ ಪಟ್ಟಿ ಬೆವರಿಗೆ ಹೆಗಲಿಗಂಟಿದೆ, ಈ ಬಿಸಿಲಿನ ಮನೆ ಹಾಳಾಗ — ಈಗ ಮೇಲೆ ನುಡಿಸುತ್ತಿರುವವನು ಮುಗಿಸಿದರೆ ಇವಳ ಸರದಿ, ಕೊನೆಯ ಸುತ್ತು, ಗೆದ್ದರೆ ಈ ಊರ ಹಬ್ಬದ ಮೊದಲ ಅಕಾರ್ಡಿಯನ್ ರಾಣಿ, ಇಷ್ಟು ಕಾಲ ಬರೀ ರಾಜರು, ಸೋತರೆ ಮತ್ತೆ ಓವೀದಿಯೊ ಮಾವನ ಕೋಳಿ ಅಂಗಡಿ, ಪುಕ್ಕ ಕಿತ್ತು ಕಿತ್ತು ಬೆರಳು ಮರಗಟ್ಟುವುದು. ಮಾವ ಇಲ್ಲೇ ಮೊಳಕಾಲ ನಡುವೆ ಕಾಹಾ ಡೋಲು ಇಟ್ಟುಕೊಂಡು ಅದರ ಚರ್ಮ ತಟ್ಟಿ ನೋಡುತ್ತಿದ್ದಾನೆ, ಏನೇ, ಮುಖ ಯಾಕೆ ಹರಳೆಣ್ಣೆ ಕುಡಿದವಳ ಹಾಗೆ ಮಾಡ್ಕೊಂಡಿದೀಯ, ಪಾಸೆಯೊ ಆಯ್ತು, ಮೆರೆಂಗೆ ಆಯ್ತು, ಪೂಯಾ ಆಯ್ತು, ನಾಲ್ಕು ತಾಳದಲ್ಲಿ ಉಳಿದಿರೋದು ಸೋನ್ ಒಂದೇ, ಅದು ನಿಂಗೆ ನೀರು ಕುಡಿದಷ್ಟು ಸಲೀಸು — ಸಲೀಸಂತೆ, ಪಾಪ, ಬೆಳಿಗ್ಗೆ ಏನಾಯಿತು ಅಂತ ಅವನಿಗೇನು ಗೊತ್ತು.

ಸೋನ್ ನಿಧಾನದ್ದು, ದುಃಖದ್ದು, ಅದರಲ್ಲೂ ಈ ಹಾಡು ಊರಿನ ತೊಮಾಸಾ ಅಜ್ಜಿ ಕಟ್ಟಿದ್ದು, ಗಂಡ ಬಾಳೆಗೊನೆಯ ಲಾರಿ ಹತ್ತಿ ಹೋದವನು ಬಾರದೇ ಹೋದಾಗ ಹೊಳೆಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಾ ಕಟ್ಟಿದ್ದು, ನುಡಿಸಿ ಊರೂರಿಗೆ ಮುಟ್ಟಿಸಿದ್ದು ಅಕಾರ್ಡಿಯನ್ ಗುರು ಮಾಯೆಸ್ತ್ರೊ ನೀಕೊಮೇದೆಸ್, ಆ ಒಂದೇ ರೆಕಾರ್ಡು, ಕ್ಯಾಸೆಟ್ಟಿನ ಟೇಪು ಸವೆಯುವ ತನಕ ದೆಯಾನೀರಾ ಕೇಳಿದ್ದಾಳೆ, ಪೆನ್ಸಿಲ್ ತೂರಿಸಿ ತಿರುಗಿಸಿ ಮತ್ತೆ ಕೇಳಿದ್ದಾಳೆ, ಅದರ ಮೂರನೆಯ ಸಾಲಿನ ತುದಿಯಲ್ಲಿ ಒಂದು ನಿಲುಗಡೆ ಇದೆ, ಸ್ವರ ಬರಬೇಕಾದ ಕಡೆ ಸ್ವರವಿಲ್ಲ, ಒಂದು ಉಸಿರಿನಷ್ಟು ಮೌನ, ಆಮೇಲೆ ಮುಂದಿನ ಸಾಲು. ಆ ಮೌನಕ್ಕೇ ಜನ ಸಾಯುತ್ತಾರೆ, ಅದು ಬಂತೋ ಇಡೀ ಚೌಕ ಒಂದೇ ಬಾಯಲ್ಲಿ ಆಯ್ ಓಂಬೆ, ಅಯ್ಯೋ ಮಾರಾಯಾ, ಅಂತ ಕೂಗಬೇಕು, ಕೂಗದಿದ್ದವನು ಈ ಊರಿನವನೇ ಅಲ್ಲ. ಅಲ್ಲಿ ಕೂತಿರುವ ಮೂವರು ತೀರ್ಪುಗಾರರೂ ಮಾಯೆಸ್ತ್ರೊ ಶಿಷ್ಯರೇ, ಮೂವರೂ ಆ ಮೌನದಿಂದಲೇ ಹೆಸರು ಮಾಡಿದವರು, ವಿಧವೆಯ ಬಿಕ್ಕು ಸಿಕ್ಕಿಕೊಳ್ಳೋದು ಇಲ್ಲಿ, ಬೆರಳೆತ್ತು ಮಗಳೇ, ಎದೆ ತುಂಬಿಸ್ಕೊಂಡು ಎತ್ತು ಅಂತ ಪಾಠ ಹೇಳುವವರು, ಇವಳೂ ಎತ್ತಿದಳು, ಎತ್ತಿ ಎತ್ತಿ ಅತ್ತಳು ಕೂಡ, ಅಯ್ಯೋ ಏನು ಅಳು.

ಇವತ್ತು ಬೆಳಿಗ್ಗೆ, ಕೊನೆಯ ಸುತ್ತಿಗೆ ಮೊದಲು ಹಿರಿಯರ ಮುಂದೆ ಒಂದು ಸಲ ನುಡಿಸಿ ಬರುವುದು ವಾಡಿಕೆಯಲ್ಲವೇ, ಹೋದಳು, ಮಾಯೆಸ್ತ್ರೊ ಅಂಗಳದಲ್ಲಿ ತೊಗಲಿನ ಕುರ್ಚಿಯಲ್ಲಿ ಕೂತು ಅರೇಪಾ ರೊಟ್ಟಿ ಮುರಿದು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು, ನುಡಿಸು ನೋಡೋಣ ಅಂದರು, ನುಡಿಸಿದಳು, ಮೂರನೆಯ ಸಾಲು, ಬೆರಳೆತ್ತಿದಳು — ನಗು. ಎಂಥ ನಗು, ಕೆಮ್ಮು ಬಂದು ಕಣ್ಣಲ್ಲಿ ನೀರು ಬರುವ ತನಕ. ಅಯ್ಯೋ ಮಗಳೇ, ನೀನೂನಾ, ಅಲ್ಲಿ ಒತ್ತೋ ಗುಂಡಿ ಸತ್ತಿತ್ತು ಕಣೇ! ರೆಕಾರ್ಡಿಂಗಿಗೆ ಮುಂಚಿನ ದಿನ ಮದುವೆ ಮನೇಲಿ ಯಾವನೋ ಕುಡುಕ ನನ್ನ ಅಕಾರ್ಡಿಯನ್ ಮೇಲೆ ರಮ್ ಚೆಲ್ಲಿದ್ದ, ಒಳಗಿನ ನಾಲಗೆ ಕಚ್ಕೊಂಡಿತ್ತು, ಒತ್ತಿದ್ರೆ ಬರೀ ಗಾಳಿ, ಬೇರೆ ಪೆಟ್ಟಿಗೆ ಎಲ್ಲಿಂದ ತರ್ಲಿ, ಆ ಸ್ವರಾನೇ ಹಾರಿಸಿಬಿಟ್ಟೆ. ಜನ ಹುಚ್ಚೆದ್ದು ಕುಣಿದ್ರು. ನಾನ್ಯಾಕೆ ಬಾಯಿ ಬಿಡ್ಲಿ? ಅವಳಿಗೂ ಮೊದಲು ನಗುವೇ ಬಂತು, ಆಮೇಲೆ ಕೇಳಿದಳು, ಹಾಗಾದ್ರೆ ಅಲ್ಲಿದ್ದ ಸ್ವರ ಯಾವುದು ಮಾಯೆಸ್ತ್ರೊ, ತೋರಿಸಿ. ತಾ ಇಲ್ಲಿ ಅಂತ ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡರು, ತಿದಿ ಎಳೆದರು, ಮೊದಲ ಸಾಲು, ಎರಡನೆಯದು, ಮೂರನೆಯದು, ಬೆರಳು ಮೇಲೆದ್ದಿತು, ಅಲ್ಲೇ ನಿಂತಿತು, ಮತ್ತೆ ಮೊದಲಿಂದ, ಮತ್ತೆ ಮೇಲೆದ್ದಿತು, ಗುಂಡಿಗಳ ಮೇಲೆ ಜಾಗ ಸಿಗದ ನೊಣದ ಹಾಗೆ ಸುತ್ತಿತು. ನಗು ಹೋಯಿತು. ನೆನಪಾಗ್ತಿಲ್ಲ ಮಗಳೇ, ತೊಮಾಸಾನ ಕೇಳು ಅಂದರು. ಅವಳು ತೀರಿಕೊಂಡು ವರ್ಷವಾಯಿತು ಅನ್ನುವುದನ್ನೂ ಮರೆತಿದ್ದರು.

ತೊಮಾಸಾ ಅಜ್ಜಿಗೆ ಗೊತ್ತಿತ್ತು, ಅವಳ ಬಾಯಲ್ಲೇ ಹುಟ್ಟಿದ ಸ್ವರ, ಆದರೆ ರೆಕಾರ್ಡು ಬಂದ ಮೇಲೆ ಒಂದು ಮದುವೆಯಲ್ಲಿ ಹಾಡಿದಾಗ ಜನ ಘೊಳ್ಳೆಂದು ನಕ್ಕರಂತೆ, ಏನಜ್ಜೀ, ನಿನ್ನ ಹಾಡು ನಿಂಗೇ ಬರಲ್ವಲ್ಲಾ, ಅಲ್ಲಿ ನಿಲ್ಲಿಸ್ಬೇಕು, ಮಾಯೆಸ್ತ್ರೊ ಹಾಗೆ! ಅಂದಿನಿಂದ ಅವಳೂ ನಿಲ್ಲಿಸತೊಡಗಿದಳಂತೆ, ತನ್ನ ಹಾಡಲ್ಲಿ, ತಾನೇ, ಛೆ. ಹೊಳೆಯ ಹತ್ತಿರ ಒಬ್ಬಳೇ ಇದ್ದಾಗ ಹಾಡಿರಬಹುದು, ದೆಯಾನೀರಾ ಚಿಕ್ಕವಳು, ಅಮ್ಮನ ಜೊತೆ ಬಟ್ಟೆಯ ಗಂಟು ಹೊತ್ತು ಹೋಗುತ್ತಿದ್ದಳಲ್ಲ, ಕೇಳಿರಲೇಬೇಕು, ನೆನಪು ಮಾಡಿಕೋ, ನೀಲಿ ಸಬೂನಿನ ವಾಸನೆ ಬರುತ್ತಿದೆ, ಬಟ್ಟೆ ಕುಕ್ಕುವ ಸದ್ದು ಬರುತ್ತಿದೆ, ಸ್ವರವೊಂದೇ ಬರುತ್ತಿಲ್ಲ, ಬರುವುದು ಅಜ್ಜಿಯ ಬೈಗುಳ, ಏನೇ ಚೂಟಿ, ಆ ಗಂಡಸರ ಬೆರಳೆಲ್ಲಾ ತಂದು ನಿನ್ನ ಕೈಗೆ ಅಂಟಿಸ್ಕೊಂಡಿದೀಯಲ್ಲೇ, ನಿನ್ನವು ಮೊಳೆಯೋದು ಯಾವಾಗ? ಆಗ ಕೋಪ ಬಂದಿತ್ತು. ಈಗ ಹೆದರಿಕೆಯಾಗುತ್ತಿದೆ, ಇಷ್ಟು ವರ್ಷ ತಾನು ಪೂಜೆ ಮಾಡಿದ್ದು ಒಂದು ಲೋಟ ರಮ್ಮನ್ನೇ?

ಏಳೇ, ಕರೀತಿದಾರೆ — ಮಾವ ಬೆನ್ನಿಗೊಂದು ಗುದ್ದುತ್ತಾನೆ, ಮೆಟ್ಟಿಲು, ಹಲಗೆ, ಮೈಕಿನ ಕಿರುಚು, ಎದುರಿಗೆ ಟೋಪಿಗಳೇ ಟೋಪಿಗಳು, ಮೊದಲ ಸಾಲಿನ ನಡುವೆ ಬಿಳಿ ಅಂಗಿ ತೊಟ್ಟ ಮಾಯೆಸ್ತ್ರೊ. ನಿಲ್ಲಿಸಿದರೆ ಕಿರೀಟ, ಅಲ್ಲಿ ಸ್ವರ ತುಂಬಿದರೆ ತೀರ್ಪುಗಾರರು ಮುಖ ಮುಖ ನೋಡಿಕೊಂಡು ಈ ಹುಡುಗಿಗೆ ಸಂಪ್ರದಾಯ ಗೊತ್ತಿಲ್ಲ ಅಂತ ಬರೆಯುತ್ತಾರೆ, ತಿದಿ ತೆರೆಯಿತು, ಕಾಹಾ ಸೇರಿತು, ಮೊದಲ ಸಲ ಮೂರನೆಯ ಸಾಲು ಬಂದಾಗ ಬೆರಳು ತಾನೇ ಎದ್ದಿತು, ಹಾಳಾದ ಬೆರಳು, ಹೇಳಿಸಿಕೊಳ್ಳದೆ ಎದ್ದಿತು — ಆಯ್ ಓಂಬೆ! ಚೌಕ ಗುಡುಗಿತು, ತೀರ್ಪುಗಾರರ ತಲೆಗಳು ಒಟ್ಟಿಗೆ ತೂಗಿದವು, ಮಾವ ಹಲ್ಲು ಕಿರಿದ, ನಾಚಿಕೆಯಿಂದ ಅವಳ ಕಿವಿ ಕಾದವು. ಮತ್ತೆ ಅದೇ ಪಲ್ಲವಿ, ಎರಡನೆಯ ಸಲ, ಕಣ್ಣು ಮುಚ್ಚಿದಳು, ಹೊಳೆ, ಕಲ್ಲು, ತೊಮಾಸಾ ಅಜ್ಜಿ ದುಪ್ಪಟಿ ಹಿಂಡುತ್ತಿದ್ದಾಳೆ, ಹಿಂಡುತ್ತಾ ಬಾಯಿ ತೆರೆಯುತ್ತಾಳೆ, ರಾಗ ಮೇಲಕ್ಕಲ್ಲ, ಕೆಳಕ್ಕೆ, ಹೌದು ಕೆಳಕ್ಕೇ, ತುಂಬಿದ ಕೊಡ ಸೊಂಟದಿಂದ ಇಳಿಸುವ ಹಾಗೆ, ಅಥವಾ ಇದು ಅವಳದಲ್ಲ, ನನ್ನದೇ, ಯಾರದಾದರೇನು, ಒತ್ತು, ಒತ್ತೇ — ಒತ್ತಿದಳು, ತಿದಿ ಎಳೆದು ಪೂರ್ತಿ ಒತ್ತಿದಳು, ಅದೇ ಗಳಿಗೆಯಲ್ಲಿ ಇಡೀ ಚೌಕ ಆಯ್ ಓಂಬೆ! ಟೋಪಿಗಳು ಮೇಲೆ ಹಾರಿದವು. ಹೊಟ್ಟೆಗೊತ್ತಿದ ಅಕಾರ್ಡಿಯನ್ ನಡುಗಿದ್ದು ಗೊತ್ತಾಯಿತು, ಅಷ್ಟೇ, ಸ್ವರ ಕೇಳಿಸಲಿಲ್ಲ, ಅವಳಿಗೇ ಕೇಳಿಸಲಿಲ್ಲ, ಸರಿಯಿತ್ತೋ ತಪ್ಪಿತ್ತೋ, ತೀರ್ಪುಗಾರರ ತಲೆಗಳು ಮೊದಲಿನಂತೆಯೇ ತೂಗುತ್ತಿವೆ, ಒಬ್ಬರಿಗಾದರೂ, ಮಾಯೆಸ್ತ್ರೊಗಾದರೂ ಕೇಳಿಸಿರುತ್ತದೆ, ಬೆಳಿಗ್ಗೆ ಅವರೂ ಅದನ್ನೇ ಹುಡುಕುತ್ತಿದ್ದರಲ್ಲ, ಕಣ್ಣು ತೆರೆದು ಹುಡುಕಿದಳು — ಮಾಯೆಸ್ತ್ರೊ ಕತ್ತೆತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಾರೆ, ಅವರಿಗೂ ಕೇಳಿಸಿಲ್ಲ, ಹಲ್ಲಿಲ್ಲದ ಬಾಯಿ ಅಗಲಕ್ಕೆ ತೆರೆದಿದೆ, ಮೂರನೆಯ ಸಲ ಬರುತ್ತಿದೆ, ಬೆರಳು ಆ ಸಾಲಿನ ಮೇಲೆ ಓಡುತ್ತಿದೆ, ಆ ಬಾಯಿ, ಜನ ಈಗಲೇ ಉಸಿರೆಳೆದುಕೊಳ್ಳುತ್ತಿದ್ದಾರೆ, ಒತ್ತಲೇ, ಎತ್ತಲೇ, ಆ ಬಾಯಿ, ತೆರೆದೇ ಇರುವ ಆ ಬಾಯಿ —