ಮೆರ್ಸಿ ಅನ್ನಬಾರದಿತ್ತು

ನನ್ನ ಹೆಸರು ಆಲ್ಸೆ ಫ್ಯೂಸಿಲಿಯೇ. ಫ್ರೆಂಚ್ ಮಾತಾಡುವ ನಮ್ಮ ಕೂಲೀ ವೆರೆ ಊರಿನಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. 'ವಾವಾರೊಂ ಎಲ್ಲಿ' ಎಂದು ಕೇಳಿ ನೋಡಿ, ಕೈಹಿಡಿದು ಮನೆ ಬಾಗಿಲಿಗೆ ತಂದು ಬಿಡುತ್ತಾರೆ. ವಾವಾರೊಂ ಎಂದರೆ ಗೋಂಕರು ಕಪ್ಪೆ. ನನ್ನ ಗಂಟಲಿಗೆ ಊರು ಕೊಟ್ಟ ಬಿರುದು ಅದು. ನನಗೇನೂ ಬೇಸರವಿಲ್ಲ. ಪಕ್ಕದ ಮನೆಯವನನ್ನು 'ಹುಳಿ ಮಜ್ಜಿಗೆ' ಎನ್ನುತ್ತಾರೆ, ಅವನೇ ಬದುಕಿಕೊಂಡಿದ್ದಾನೆ.

ಮೂವತ್ತೊಂದು ವರ್ಷದಿಂದ, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಆರೂವರೆಗೆ, ಬೂಸಾ ಅಂಗಡಿಯ ಹಿಂದಿರುವ ನಮ್ಮ ಪುಟ್ಟ ರೇಡಿಯೋ ಕೇಂದ್ರದಿಂದ 'ಇವತ್ತೇನು?' ಎಂಬ ಕಾರ್ಯಕ್ರಮ ನಡೆಸುತ್ತಿದ್ದೇನೆ. ಇವತ್ತು ಯಾವ ದಿನಾಚರಣೆ, ಇವತ್ತಿನ ತಾರೀಖಿನಲ್ಲಿ ಹಿಂದೆ ಏನಾಗಿತ್ತು, ಯಾರ ಹಬ್ಬ, ಯಾವ ಯುದ್ಧ, ಆಮೇಲೆ ಒಂದು ಜೋಕು. ಹದಿನೈದೇ ನಿಮಿಷ. ನನ್ನದೊಂದು ಪದ್ಧತಿಯಿದೆ: ಯಾವ ದಿನವೋ ಅದನ್ನು ಅಲ್ಲೇ, ಮೈಕಿನ ಮುಂದೆಯೇ ಆಚರಿಸಬೇಕು. ಶಿಳ್ಳೆಯ ದಿನ ಶಿಳ್ಳೆ ಹೊಡೆದಿದ್ದೇನೆ. ಉಪ್ಪಿನಕಾಯಿಯ ದಿನ ಬಾಟಲಿಗೇ ಕೈಹಾಕಿ ತಿಂದಿದ್ದೇನೆ. ಹಾಗಾಗಿ ಪಟ್ಟಿಯನ್ನು ಮೊದಲೇ ಓದಿಕೊಳ್ಳುವವನೇ ಅಲ್ಲ. ಮೊದಲೇ ಗೊತ್ತಿದ್ದರೆ ಮಜಾ ಎಲ್ಲಿ?

ಈ ಸಲ ಜನವರಿ ಆರರಂದು, ಕ್ರಿಸ್ಮಸ್ ಕಾಲ ಮುಗಿಸುವ ಮೂರು ರಾಜರ ಹಬ್ಬದ ರಾತ್ರಿ, ಅಗ್ನಿಶಾಮಕದವರ ಹಾಲ್‌ನಲ್ಲಿ ಕುಣಿತದ ಹೆಜ್ಜೆಗಳನ್ನು ಕೂಗಿ ಹೇಳಲು ನನ್ನನ್ನೇ ನಿಲ್ಲಿಸಿದ್ದರು. ಹೊರಗೆ ಕೊರೆಯುವ ಮಂಜು, ಒಳಗೆ ಅಕಾರ್ಡಿಯನ್ನಿನ ಅಬ್ಬರ. ಮೂರು ಗಂಟೆ ಕೂಗಿದೆ. ಬೆಳಗಾಗುವಷ್ಟರಲ್ಲಿ ಗಂಟಲು ಕೈಕೊಟ್ಟಿತ್ತು. ಬಾಯಿ ತೆರೆದರೆ ಬಾಗಿಲ ಕೀಲಿನ ಸದ್ದು. ಡಾಕ್ಟರು ಇಣುಕಿ ನೋಡಿ, "ಎರಡು ವಾರ ಮಾತೇ ಆಡ್ಬಾರ್ದು" ಎಂದರು. ನನಗೆ ಎರಡು ವಾರ ಮಾತಾಡಬೇಡ ಎನ್ನುವುದೂ ಒಂದೇ, ಉಸಿರಾಡಬೇಡ ಎನ್ನುವುದೂ ಒಂದೇ.

ರೇಡಿಯೋ ಕೇಂದ್ರದ ಈಗಿನ ಒಡತಿ ಡಾರ್ಲಾ. ಹಳೇ ಮಾಲೀಕರ ಸೊಸೆ, ಹೊರಗಿನಿಂದ ಬಂದವಳು. ಕೆಟ್ಟವಳಲ್ಲ, ಆದರೆ ಎಲ್ಲಕ್ಕೂ ಗಡಿಯಾರ ನೋಡುವ ಜಾತಿ. ಒಂಬತ್ತನೇ ತಾರೀಖು ನನ್ನನ್ನು ಕೂರಿಸಿಕೊಂಡು ಹೇಳಿದಳು:

"ಮಿಸ್ಟರ್ ಆಲ್ಸೆ, ಮೂರು ದಿನದಿಂದ ಬರೀ ಹಾಡು ಹಾಕ್ತಿದ್ದೀನಿ. ಪಟ್ಟಣದವರು ಕಳಿಸೋ ರೆಡಿ ಟೇಪಿದೆ. ಅದಕ್ಕೆ ನೆಗಡಿ ಆಗಲ್ಲ. ಹನ್ನೊಂದರ ಬೆಳಿಗ್ಗೆ ನೀವು ಮಾತಾಡಿದ್ರೆ ಸರಿ. ಇಲ್ದಿದ್ರೆ ಆವತ್ತಿಂದ ಟೇಪು, ಅಷ್ಟೇ."

ಉತ್ತರ ಕೊಡಲು ಬಾಯಿ ತೆರೆದೆ. ಕೀಲು ಕಿರ್ ಎಂದಿತು.

ಇನ್ನು ಉಳಿದಿದ್ದು ಒಂದೇ ದಾರಿ. ಆ ದಾರಿಯ ತುದಿಯಲ್ಲಿ ಎನೋಲಾ ಕೂತಿದ್ದಳು.

ಎನೋಲಾ ನಮ್ಮೂರಿನ ತ್ರೇತೂಸ್. ಕೈಯಿಟ್ಟು ಜಪ ಹೇಳಿ ಕಾಯಿಲೆ ಇಳಿಸುವವಳು. ಸುಟ್ಟ ಗಾಯ, ನರುಲಿ, ಮಕ್ಕಳ ಹೊಟ್ಟೆನೋವು, ಗಂಟಲು, ಯಾವುದನ್ನೂ ಬಿಟ್ಟವಳಲ್ಲ. ತೀರಿಕೊಂಡ ನನ್ನ ಹೆಂಡತಿ ಮೆರ್ಲಿನಳ ಸ್ವಂತ ಅಕ್ಕ. ಏಳು ವರ್ಷದಿಂದ ನನ್ನ ಜೊತೆ ಒಂದು ಮಾತಾಡಿಲ್ಲ. ಕಾರಣ, ಒಂದು ಜೋಕು.

ಅವತ್ತು ಅಕ್ಟೋಬರ್ ಹನ್ನೆರಡು, ಗಂಬೋ ದಿನ. ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವ ತನಕ ತಾಳ್ಮೆಯಿಂದ ಹುರಿದು ಮಾಡುವ ಗಂಬೋ ಎಂಬ ಸಾರಿಗೆ ಟೊಮೇಟೊ ಹಾಕುವುದು ನಮ್ಮ ಕಡೆ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗೆ. ಹಿಂದಿನ ವಾರ ಎನೋಲಾಳ ಒಲೆಯ ಮೇಲೆ ಕೆಂಪು ಗಂಬೋ ಕುದಿಯುವುದನ್ನು ಈ ಕಣ್ಣಿಂದ ಕಂಡಿದ್ದೆ. ನಾಲಿಗೆಗೆ ಎಲುಬಿಲ್ಲವಲ್ಲ, ಮೈಕಿನಲ್ಲಿ ಹೇಳಿಯೇಬಿಟ್ಟೆ: "ನಮ್ಮ ಎನೋಲಾ ಗಂಬೋಗೆ ಟೊಮೇಟೊ ಹಾಕ್ತಾಳೆ ಕಣ್ರಪ್ಪಾ! ಮೊನ್ನೆ ನಾಯಿಗೆ ಬಡಿಸಿದ್ಲಂತೆ. ನಾಯಿ ಒಂದೇ ಒಂದು ಸಲ ನೆಕ್ಕಿ, ಸೀದಾ ಚರ್ಚಿಗೆ ಹೋಗಿ ಪಾದ್ರಿ ಹತ್ರ ತಪ್ಪೊಪ್ಪಿಕೊಂಡು ಬಂತು!" ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎನೋಲಾ ನಗಲಿಲ್ಲ. ಮುಂದಿನ ಮಾರ್ಚ್ ತಿಂಗಳಲ್ಲಿ, ಆಗಲೇ ಕಾಯಿಲೆ ಬಿದ್ದಿದ್ದ ಮೆರ್ಲಿನ್ ಹೋದಳು. ಮಣ್ಣು ಮಾಡುವ ದಿನವೂ ಎನೋಲಾ ನನ್ನ ಮುಖ ನೋಡಲಿಲ್ಲ. ಒಂದು ಜೋಕಿಗೆ ಇಷ್ಟು ಜಂಭವೇ ಎಂದು ನಾನೂ ಬಿಗಿದುಕೊಂಡೆ.

ಈಗ ಹೋಗದೆ ವಿಧಿಯಿರಲಿಲ್ಲ. ತ್ರೇತೂಸ್ ತಾನಾಗಿ 'ಬಾ, ವಾಸಿ ಮಾಡ್ತೀನಿ' ಎನ್ನುವಂತಿಲ್ಲ, ನಾವೇ ಕೇಳಬೇಕು. ಕೇಳಿದರೆ ಇಲ್ಲ ಎನ್ನುವಂತೆಯೂ ಇಲ್ಲ, ಎಂಥ ಹಗೆಯಾದರೂ ಸರಿ. ನನ್ನ ಧೈರ್ಯವೆಲ್ಲ ಆ ಎರಡನೇ ನಿಯಮದ್ದು.

ಎನೋಲಾ ಜಗುಲಿಯಲ್ಲಿ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದಳು. ನಾನು ಗಂಟಲು ತೋರಿಸಿದೆ. ಅವಳು ಆಕಾಶ ನೋಡಿದಳು.

"ಏನದು ಸೊಳ್ಳೆನಾ? ಏನೋ ಗುಯ್‌ಗುಟ್ಟಿದ ಹಾಗಾಯ್ತು."

ನಾನು ಕೈಮುಗಿದೆ.

"ಕೈಸನ್ನೆಗೆಲ್ಲ ನಾನು ಕೈಯಿಡಲ್ಲ. ಬಾಯಿಬಿಟ್ಟು ಕೇಳ್ಬೇಕು. ಊರಿಗೆಲ್ಲ ಕೇಳೋ ಹಾಗೆ ಮಾತಾಡೋದು ನಿನಗೇನು ಹೊಸದಾ?"

ಇದ್ದ ಬದ್ದ ಉಸಿರನ್ನೆಲ್ಲ ಕೂಡಿಸಿ, "ವಾಸಿ... ಮಾಡು... ಎನೋಲಾ" ಎಂದು ಕಿರ್‌ಗುಟ್ಟಿದೆ. ಬೇಲಿಯ ಮೇಲಿದ್ದ ಕೋಳಿ ಗಾಬರಿಯಾಗಿ ಇಳಿದು ಓಡಿತು. ಎನೋಲಾಳ ತುಟಿಯ ಮೂಲೆ ಅಲ್ಲಾಡಿದ್ದನ್ನು ನಾನು ನೋಡಿದೆ, ನೋಡಿಲ್ಲ ಎಂದು ಸುಳ್ಳು ಹೇಳಲಾರೆ.

ಅವಳು ಗಂಟಲಿನ ಮೇಲೆ ಬೆಚ್ಚನೆಯ ಕೈಯಿಟ್ಟು, ಕಣ್ಮುಚ್ಚಿ, ಅಜ್ಜಿಯರ ಕಾಲದ ಫ್ರೆಂಚಿನಲ್ಲಿ ಏನನ್ನೋ ಪಿಟಿಪಿಟಿ ಎಂದಳು. ಕತ್ತಿಗೆ ಒಂಬತ್ತು ಗಂಟಿನ ದಾರ ಕಟ್ಟಿದಳು.

"ಕೇಳು. ಹೊಳೆ ದಾಟ್ಬೇಡ. ಏನೂ ಕೊಡೋಕೆ ಬರ್ಬೇಡ. ಆ ಒಂದು ಮಾತಂತೂ ಸತ್ರೂ ಬಾಯಿಂದ ಬರ್ಬಾರ್ದು. ಅಂದ್ಯೋ, ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತೆ."

ಆ ಒಂದು ಮಾತು ಯಾವುದು ಎಂದು ನಮ್ಮಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ತ್ರೇತೂಸ್‌ಗೆ 'ಮೆರ್ಸಿ', ಅಂದರೆ ಧನ್ಯವಾದ, ಎನ್ನಬಾರದು. ವಾಸಿ ಮಾಡಿದ್ದು ದೇವರು. ಅವಳಿಗೆ ಕೃತಜ್ಞತೆ ಹೇಳಿದರೆ ದೇವರು ತನ್ನದನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಹೂಂ ಎಂದು ತಲೆಯಾಡಿಸಿ ಬಂದೆ.

ಮರುದಿನ ಸಂಜೆ ಹಿತ್ತಲಲ್ಲಿ ನಿಂತು ಒಂದು ಕೂಗು ಹಾಕಿದೆ. ಎರಡು ಬೀದಿಯಾಚೆಯ ನಾಯಿಗಳು ಉತ್ತರ ಕೊಟ್ಟವು. ಗೋಂಕರು ಕಪ್ಪೆ ಬದುಕಿತ್ತು! ಆ ಖುಷಿಗೆ ಒಬ್ಬನೇ ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿದೆ.

ಹನ್ನೊಂದರ ಬೆಳಿಗ್ಗೆ ಆರೂವರೆ. ಗಾಜಿನಾಚೆ ಡಾರ್ಲಾ, ಅವಳ ಕೈಯಲ್ಲಿ ಆ ಟೇಪು. ನನ್ನ ಮುಂದೆ ಪಟ್ಟಿ. ಕೆಂಪು ದೀಪ ಹತ್ತಿತು.

"ಬೋಂಝೂರ್, ಕೂಲೀ ವೆರೆ! ಸತ್ತ ಅಂದ್ಕೊಂಡಿದ್ರಾ? ಇವತ್ತು ಜನವರಿ ಹನ್ನೊಂದು, ಹಾಲಿನ ದಿನ!" ಎಂದು ಒಂದು ಲೋಟ ಗಟಗಟ ಕುಡಿದೆ. ಕುಡಿದ ಮೇಲೆ ಹಾಲಿನದೇ ಜೋಕು.

"ನಮ್ಮ ತೀ-ಗಸ್ ಒಬ್ಬ ಟೆಕ್ಸಾಸಿನವನಿಗೆ ಹಸು ಮಾರಿದ. ವಾರ ಕಳೀತು, ಅವನು ಫೋನ್ ಮಾಡ್ದ: 'ನಿನ್ನ ಹಸು ಹಾಲೇ ಕೊಡಲ್ಲ ಕಣಯ್ಯಾ, ನನ್ನ ಮಾತೇ ಕೇಳಲ್ಲ!' ತೀ-ಗಸ್ ಅಂದ, 'ಪಾಪ, ಅದಕ್ಕೆ ಫ್ರೆಂಚ್ ಬಿಟ್ರೆ ಏನೂ ಬರಲ್ಲ. ಫೋನು ಅದರ ಕಿವಿಗೆ ಹಿಡಿ.' ಹಿಡಿದ. ಒಂದು ಗಂಟೆ ಆಯ್ತು. ಕೈ ಸೋತು ಕಿತ್ಕೊಂಡು ಕೇಳ್ದ, 'ಅಷ್ಟು ಹೊತ್ತು ಅದಕ್ಕೆ ಏನಯ್ಯಾ ಹೇಳ್ತಿದ್ದೆ?' 'ನಾನೆಲ್ಲಿ ಹೇಳ್ದೆ? ನಿನ್ನ ಮೇಲಿನ ದೂರು ಅದು ಮುಗಿಸ್ಲೇ ಇಲ್ವಲ್ಲ!'"

ಡಾರ್ಲಾ ನಕ್ಕಳು. ಅವಳು ನಗುವುದನ್ನು ಮೊದಲ ಸಲ ನೋಡಿದ್ದು. ನಾನು ಉಬ್ಬಿಹೋದೆ. ಮನುಷ್ಯ ಕೆಡುವುದು ಅಲ್ಲೇ. ಪಟ್ಟಿಯ ಮುಂದಿನ ಸಾಲಿಗೆ ಕಣ್ಣು ಹಾಯಿಸಿದೆ.

"ಇವತ್ತು ಇನ್ನೊಂದು ದಿನವೂ ಹೌದಂತೆ. ಲೋಕದವರೆಲ್ಲ ಮೆರ್ಸಿ ಹೇಳೋ ದಿನ! ಸರಿ, ಆಚರಿಸೋಣ. ನಾಯಿ ಕಚ್ಚಿದ್ರೂ ಕಾಗದ ತಂದ ಅಂಚೆಯವನಿಗೆ ಮೆರ್ಸಿ. ನನ್ನನ್ನ ಸಹಿಸ್ಕೊಂಡಿರೋ ಡಾರ್ಲಾಗೆ ಮೆರ್ಸಿ. ಮತ್ತೆ ಈ ಗಂಟಲಿಗೆ ಜೀವ ಕೊಟ್ಟ ನಮ್ಮ ಎನೋಲಾಗೆ, ಸಾವಿರ ಸಲ ಮೆರ್..."

ಮೆರ್ ಎಂದೆ. 'ಸಿ' ಕಿರ್ ಎಂದು ಬಂತು. ಆಮೇಲೆ ಅದೂ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳ್ಳಂಬೆಳಿಗ್ಗೆ ಕಿರುಚಾಡಿ ಗಂಟಲು ಕೆಡಿಸಿಕೊಂಡೆ ಎಂದು ಡಾಕ್ಟರು ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ. ನಾನು ಬೆವರುತ್ತಾ ಕೈಗೆ ಸಿಕ್ಕಿದ ಹಾಡೊಂದನ್ನು ಹಾಕಿದೆ. ಗಾಜಿನಾಚೆ ಡಾರ್ಲಾ ಟೇಪನ್ನು ಡಬ್ಬಿಯಿಂದ ತೆಗೆಯುತ್ತಿದ್ದಳು. ಮೂವತ್ತೊಂದು ವರ್ಷ ಮೂರು ನಿಮಿಷದ ಹಾಡಿನ ಜೊತೆ ಮುಗಿದುಹೋಗುತ್ತಿತ್ತು.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಮನೆಯಲ್ಲಿ ತೊಡುವ ಹೂವಿನ ಗೌನು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಇನ್ನೂ ಸೌಟು. ರಸ್ತೆಯಾಚೆಯ ಮನೆಯಿಂದ ಎನೋಲಾ ಓಡಿಯೇ ಬಂದಿದ್ದಳು. ಅಂದರೆ, ಮಾತುಬಿಟ್ಟ ಆ ಏಳು ವರ್ಷವೂ ನನ್ನ ರೇಡಿಯೋ ಕೇಳುತ್ತಲೇ ಇದ್ದಳು!

"ಕೂಯೋಂ! ಪೆದ್ದು ಮುಂಡೇದೇ! ಬಾಯಿಗೆ ಬೀಗ ಹಾಕ್ಕೋ ಅಂದಿದ್ದು ಒಂದೇ ಒಂದು ಮಾತಿಗೆ ಕಣೋ! ಅದನ್ನೇ ಹೋಗಿ ಸಾವಿರ ಸಲಾನಾ? ಏಳು ಮೇಲೆ!"

ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ಹಾಡು ಮುಗಿಯಿತು.

"ನಾನು ಎನೋಲಾ ಮೆಲಾನ್ಸೋಂ. ಕಪ್ಪೆಯ ಗಂಟಲು ಕಟ್ಟಿದೆ. ಕಾರಣ ನಿಮಗೆಲ್ಲ ಈಗಷ್ಟೇ ಕೇಳಿಸ್ತು, ಬಿಡಿಸಿ ಹೇಳಲ್ಲ. ಎಲ್ಲಿ ಆ ಪಟ್ಟಿ? ಸಾವಿರದ ಒಂಬೈನೂರ ಮೂವತ್ತೈದು. ಒಬ್ಬಳು ಹೆಂಗಸು ಹವಾಯಿಯಿಂದ ಕ್ಯಾಲಿಫೋರ್ನಿಯಾಗೆ ಒಬ್ಬಳೇ ವಿಮಾನ ಹಾರಿಸ್ಕೊಂಡು ಹೊರಟ ದಿನ ಅಂತೆ. ಒಬ್ಬಳೇ! ಪಕ್ಕದಲ್ಲಿ ಕೂತು ಬಡಬಡ ಅನ್ನೋ ಗಂಡಸು ಒಬ್ಬನೂ ಇಲ್ಲ. ಎಷ್ಟು ಸುಖವಾಗಿತ್ತೋ ತಾಯಿ!"

ಫೋನಿನ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. ಡಾರ್ಲಾ ಒಂದೊಂದೇ ಕರೆ ಎತ್ತಿ, ಊರಿನವರ ಮೆಚ್ಚುಗೆ ಕೇಳಿ ನಗುತ್ತಾ, ಟೇಪನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಬಾಗಿಲು ಸರಿಸಿ ನನ್ನ ಕಿವಿಯಲ್ಲಿ, "ನಿಮ್ಮ ಗಂಟಲು ಬರೋವರೆಗೂ ಇವರು ಓದ್ಲಿ, ಮಿಸ್ಟರ್ ಆಲ್ಸೆ. ಬಂದ ಮೇಲೂ ಓದ್ಲಿ" ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಎನೋಲಾ ಪಟ್ಟಿಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು.

"ಮೆರ್ಸಿ ಹೇಳೋ ದಿನ. ನನಗಂತೂ ಯಾರೂ ಹೇಳೋ ಹಾಗಿಲ್ಲ. ಆದ್ರೆ ನಾನು ಹೇಳ್ಬಹುದಲ್ಲ? ನನ್ನ ತಂಗಿ ಮೆರ್ಲಿನ್‌ಗೆ ಹೇಳ್ತೀನಿ. ಕೊನೇ ವರ್ಷ ಔಷಧಿ ಅವಳ ನಾಲಿಗೆ ಸಾಯಿಸಿಬಿಟ್ಟಿತ್ತು. ಇವನು ದಿನಾ ಒಲೆ ಮುಂದೆ ನಿಂತು ಅವಳಿಗೋಸ್ಕರ ಗಂಬೋ ಮಾಡ್ತಿದ್ದ. ಅವಳಿಗೆ ಗಂಬೋನೂ ಒಂದೇ, ಬಿಸಿನೀರೂ ಒಂದೇ. ಆದ್ರೂ ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡು ತಿಂತಿದ್ಲು. ಇವನಿಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು. ಹುಳಿ ಒಂದು ಮಾತ್ರ ನಾಲಿಗೆಗೆ ಹತ್ತುತ್ತಿತ್ತು. ಅದಕ್ಕೇ ಟೊಮೇಟೊ. ನನಗೇನು ಗಂಬೋ ಮಾಡೋಕೆ ಬರಲ್ವಾ? ಆವತ್ತು ಒಂದು ಚಮಚ ಬಾಯಿಗಿಟ್ಟು, 'ಅಕ್ಕಾ, ಹುಳಿ ಜಾಸ್ತಿ ಆಯ್ತು' ಅಂದ್ಲು. ನನ್ನ ಅಡುಗೇಗೆ ಹೆಸರಿಟ್ಟಿದ್ದಕ್ಕೆ ಖುಷಿಯಾಗಿದ್ದು ಅದೊಂದೇ ಸಲ. ಆ ಮಾತಿಗೆ ಮೆರ್ಸಿ, ಮೆರ್ಲಿನ್. ಆಣೆ ಮುರಿದೆ, ಬೈಕೋಬೇಡ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ದಿನಗಳ ಒಂದೊಂದು ತಟ್ಟೆಯೂ ಕಣ್ಣ ಮುಂದೆ ಬಂತು. ಇನ್ನೊಂದು ಸೌಟು ಹಾಕು ಎಂದು ತಟ್ಟೆ ಮುಂದೆ ಚಾಚುತ್ತಿದ್ದ ಅವಳ ಮುಖ ಬಂತು. ಎಂಥವಳಾಗಿದ್ದಳು ನನ್ನ ಮೆರ್ಲಿನ್! ಎಂಥ ಮೂರ್ಖನಾಗಿದ್ದೆ ನಾನು! ಕೂಗಿ ಅಳಬೇಕೆನ್ನಿಸಿತು, ಕೂಗಲು ಗಂಟಲಿರಲಿಲ್ಲ. ಏನಾದರೂ ಹೇಳಲೇಬೇಕಿತ್ತು. ಮೆರ್ಸಿ ಎನ್ನುವ ಹಾಗಿಲ್ಲ ನಿಜ, ಆದರೆ ಇನ್ನೊಂದು ಮಾತಿಗೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಏಳು ವರ್ಷ ಅದನ್ನು ಹೇಳಲು ನನಗೆ ಗಂಟಲಿತ್ತು, ಹೇಳಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಪಟ್ಟಿಯ ಕೊನೆಯಲ್ಲಿ ಬರೆದು ಅವಳ ಮುಂದೆ ಸರಿಸಿದೆ: 'ತಪ್ಪಾಯ್ತು, ಎನೋಲಾ.'

ಎನೋಲಾ ಕನ್ನಡಕ ಏರಿಸಿ ಓದಿದಳು. ಇನ್ನೊಮ್ಮೆ ಓದಿದಳು. ಗೌನಿನ ತೋಳಿನಿಂದ ಮೂಗು ಒರೆಸಿಕೊಂಡು ಮೈಕಿಗೆ ಬಾಗಿದಳು.

"ಕೇಳ್ರಪ್ಪಾ, ಪಟ್ಟಿಯಲ್ಲಿ ಇನ್ನೊಂದು ದಿನ ಉಳಿದುಹೋಗಿತ್ತು. ಇವತ್ತು ವಾವಾರೊಂ ತಪ್ಪಾಯ್ತು ಅನ್ನೋ ದಿನ. ಏಳು ವರ್ಷಕ್ಕೆ ಒಂದೇ ಸಲ ಬರುತ್ತೆ. ನಮ್ಮ ಮನೇಲಿ ಇದಕ್ಕೆ ಮಧ್ಯಾಹ್ನ ಊಟ ಇದೆ, ಅವನೂ ಬರ್ತಾನೆ" ಎಂದು ಹೇಳಿ, ಹವಾಮಾನ ಓದಲು ಶುರು ಮಾಡಿದಳು.