ಬೋಲ್ಟಿನ ಕೆಳಗಿನ ಹಸಿರು ಬಣ್ಣ

ಕೊಪ್ಪದ ಮಾದಯ್ಯನಿಗೆ ತನ್ನ ಟ್ರೈಲರ್ ಮೇಲೆ ಎಷ್ಟು ಮೋಹವೆಂದರೆ, ಆಯುಧಪೂಜೆ ಬಂತೆಂದರೆ ಅದಕ್ಕೆ ಹೊಸ ಬಣ್ಣ ಬಳಿಯಲೇಬೇಕು. ಹೆಂಡತಿ ದೇವಿರಮ್ಮ ಸೀರೆ ಕೇಳಿದರೆ ಮುಂದಿನ ಹಬ್ಬಕ್ಕೆ ನೋಡೋಣ ಎನ್ನುವ ಮನುಷ್ಯ, ಟ್ರೈಲರಿಗೆ ಮಾತ್ರ ಒಂದು ವರ್ಷವೂ ತಪ್ಪಿಸಿದವನಲ್ಲ. ಅಷ್ಟು ಮೆರೆಯುವ ಟ್ರೈಲರಿನ ಹಿಂದಿನ ದೀಪಗಳು ನೆಟ್ಟಗೆ ಉರಿಯುತ್ತಿರಲಿಲ್ಲ. ಎಡಗಡೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿಣುಕು. ಬ್ರೇಕ್ ತುಳಿದರೆ ಇದ್ದ ಬೆಳಕೂ ಮಾಯ.

ಬಲ್ಬು ಹೋಗಿದೆ ಎಂದು ಬದಲಾಯಿಸಿದ. ಮತ್ತೆ ಬದಲಾಯಿಸಿದ. "ಕಬ್ ತುಂಬುದ್ ಮ್ಯಾಲೆ ಲೈಟು ಯಾರಿಗ್ ಕಾಣ್ತದೆ ಬುಡು" ಎಂದು ಕೊನೆಗೆ ಕೈಬಿಟ್ಟ.

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ, ಕತ್ತಲಾಗುವ ಹೊತ್ತಿಗೆ, ಕಬ್ಬು ತುಂಬಿದ ಆ ಟ್ರೈಲರ್ ನಾಲೆ ಸೇತುವೆಯ ಹತ್ತಿರ ನಿಂತಿತ್ತು. ದೇವಿರಮ್ಮನ ತಮ್ಮ ಸ್ವರೂಪ್ ಚಿಕ್ಕರಸಿನಕೆರೆಯಿಂದ ಅಕ್ಕನಿಗೆ ಬಾಗಿನ ಕಟ್ಟಿಕೊಂಡು ಬೈಕಿನಲ್ಲಿ ಬಂದ. ಬಂದವನು ಹಿಂದಿನಿಂದ ಟ್ರೈಲರಿಗೇ ಗುದ್ದಿದ. ಮೊರ, ಬಳೆ, ಅಕ್ಕಿ ಎಲ್ಲ ರಸ್ತೆಯ ಮೇಲೆ ಚೆಲ್ಲಿಹೋಯಿತು. ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಸ್ವರೂಪ್ ಪ್ರಾಣ ಬಿಟ್ಟ.

"ಲೈಟು ಉರೀತಿತ್ತು. ಅವ್ನೇ ಜೋರಾಗ್ ಬಂದು ಗುದ್ದುದ" ಎಂದ ಮಾದಯ್ಯ. ಪೊಲೀಸರ ಮುಂದೆಯೂ ಅದನ್ನೇ ಹೇಳಿದ. ಊರಿನವರು ಅದಕ್ಕೆ ಕುಡಿತವನ್ನೂ ಸೇರಿಸಿದರು. ತನ್ನ ತಮ್ಮ ಬಾಗಿನ ತರುವಾಗ ಕುಡಿಯುವವನಲ್ಲ ಎಂದು ದೇವಿರಮ್ಮನಿಗೆ ಗೊತ್ತಿತ್ತು. ಗಂಡನ ಮಾತನ್ನು ಅವಳು ನಂಬಲಿಲ್ಲ, ಸುಳ್ಳೆನ್ನಲು ಬಾಯಿಯೂ ಬರಲಿಲ್ಲ. ಆಮೇಲೆ ಆಯುಧಪೂಜೆ ಬಂತು. ಮಾದಯ್ಯ ಹಸಿರು ಟ್ರೈಲರಿಗೆ ನೀಲಿ ಬಳಿದ. ಸ್ವರೂಪ್ ಗುದ್ದಿ ತಗ್ಗಾಗಿದ್ದ ತಗಡಿಗೂ ನಾಜೂಕಾಗಿ ಬಳಿದ. ಅವತ್ತು ದೇವಿರಮ್ಮ ಅವನಿಗೆ ಊಟ ಬಡಿಸಲಿಲ್ಲ.

ಈ ವರ್ಷ ಮತ್ತೆ ಕಬ್ಬು ಕಟಾವಿಗೆ ಬಂತು. ಬೆಳಗಾದರೆ ಟ್ರೈಲರ್ ಫ್ಯಾಕ್ಟರಿಗೆ ಹೊರಡಬೇಕು. ದೀಪ ಹಾಗೆಯೇ ಇತ್ತು. ದೇವಿರಮ್ಮ ಟ್ರ್ಯಾಕ್ಟರಿನ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮನ ಹೆಂಡತಿ ರಂಜಿತಳಿಗೆ ಫೋನ್ ಮಾಡಿದಳು. ರಂಜಿತ ಐಟಿಐ ಓದಿದವಳು. ಗಂಡ ಹೋದ ಮೇಲೆ ಮದ್ದೂರಿನ ಶೆಡ್ಡೊಂದರಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡಿ ಬದುಕುತ್ತಿದ್ದಳು. ಒಂದು ವರ್ಷದಿಂದ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಆದರೂ ಸಂಜೆಗೆ ಬಂದಳು.

"ಬಾಗಿನ ತರಾಕೆ ನನ್ಗೆ ಅಧಿಕಾರ ಇಲ್ವಂತೆ ಅಕ್ಕ. ಟೆಸ್ಟ್ ಲ್ಯಾಂಪ್ ತಂದಿವ್ನಿ" ಎಂದಳು.

"ಎಂಗುಸ್ರು ನೋಡಿ ಏನ್ ಮಾಡೀರಿ? ಬಲ್ಬು ಒಸ್ದು, ವೈರೂ ಒಸ್ದು" ಎಂದ ಮಾದಯ್ಯ.

"ಇರ್ಲಿ ಅಣ್ಣ. ಲೈಟ್ ಸ್ವಿಚ್ ಆಕಿ."

ರಂಜಿತ ಟ್ರೈಲರಿನ ಪ್ಲಗ್ ಕಿತ್ತು, ಟ್ರ್ಯಾಕ್ಟರ್ ಕಡೆಯ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದಳು. ಹತ್ತಿತು. "ಕರೆಂಟು ಇಲ್ಲೀಗಂಟ ಬತ್ತಾದೆ. ಫ್ಯೂಸು ಸರಿಯಾಗೇ ಅದೆ" ಎಂದಳು. ಪ್ಲಗ್ ಮತ್ತೆ ಸಿಕ್ಕಿಸಿ ಹಿಂದಕ್ಕೆ ಹೋದಳು. ಬಲ್ಬು ಬಿಚ್ಚಿ ನೋಡಿದಳು, ಸುಟ್ಟಿರಲಿಲ್ಲ, ಮತ್ತೆ ಕೂರಿಸಿದಳು. ಆಮೇಲೆ ಉದ್ದನೆಯ ವೈರಿನ ಒಂದು ತುದಿಯನ್ನು ಟ್ರ್ಯಾಕ್ಟರಿನ ಬರಿ ಕಬ್ಬಿಣಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ದೀಪ ಕೂರಿಸಿದ ಪಟ್ಟಿಗೆ ಮುಟ್ಟಿಸಿದಳು. ಎರಡೂ ದೀಪ ಕೆಂಪಗೆ ಹತ್ತಿಕೊಂಡವು. ವೈರ್ ತೆಗೆದಳು. ಮತ್ತೆ ಮಿಣುಕು.

"ಕರೆಂಟು ಓದ್ರೆ ಸಾಲ್ದು ಅಣ್ಣ, ವಾಪಸ್ ಬರಾಕೂ ದಾರಿ ಬೇಕು. ಅದ್ಕೇ ಅರ್ತು ಅನ್ನದು. ಆ ದಾರಿ ಕಟ್ಟೋದ್ರೆ ಅದು ಇನ್ನೊಂದ್ ಬಲ್ಬೊಳಿಕ್ಕೆ ನುಗ್ತದೆ. ನೀವು ಬಲ್ಬ್ ಬದ್ಲಾಯ್ಸಿ ಏನ್ ಬಂತು?"

ಅರ್ತ್ ವೈರ್ ಕಟ್ಟಿದ್ದ ಬೋಲ್ಟಿನ ಮೇಲೆ ನೀಲಿ ಬಣ್ಣ ದಪ್ಪಗೆ ಕೂತಿತ್ತು. ಕೆರೆದು ಬಿಚ್ಚಿದಳು. ವೈರಿನ ತುದಿಯ ರಿಂಗ್ ಎತ್ತಿದಳು. ಅದರ ಕೆಳಗೂ ಬಣ್ಣವಿತ್ತು. ರಂಜಿತಳ ಕೈ ನಿಂತಿತು.

"ಅಣ್ಣ, ಸ್ವರೂಪ್ ಓದಾಗ ಟ್ರೈಲರ್ ಯಾವ್ ಬಣ್ಣ?"



"ಅಸ್ರು" ಎಂದಳು ದೇವಿರಮ್ಮ.

"ರಿಂಗಿನ ಅಡೀಲೂ ಅಸ್ರೇ ಅದೆ ಅಕ್ಕ. ಬಣ್ಣ ಬಳ್ದು, ಅದ್ರ ಮ್ಯಾಲೇ ಬೋಲ್ಟ್ ಬಿಗ್ದವ್ರೆ. ಬಣ್ಣ ದಾಟಿ ಕರೆಂಟು ಓಗಾಕಿಲ್ಲ. ಅವತ್ತು ಲೈಟು ಉರ್ದೇ ಇಲ್ಲ."

ಮಾದಯ್ಯ ಕಲ್ಲಿನ ಮೇಲೆ ಕುಳಿತ. "ಉರೀನಿಲ್ಲ ಕಣಮ್ಮ. ನಂಗ್ ಗೊತ್ತಿತ್ತು."

ರಂಜಿತ ಕಬ್ಬಿಣ ಹೊಳೆಯುವ ತನಕ ಮರಳು ಕಾಗದದಲ್ಲಿ ಉಜ್ಜಿ, ರಿಂಗ್ ಕೂರಿಸಿ ಬೋಲ್ಟ್ ಬಿಗಿದು, ತುಕ್ಕು ಹಿಡಿಯದ ಹಾಗೆ ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದಳು. ದೀಪದ ಗಾಜಿಗೆ ಪೂಜೆಯಲ್ಲಿ ಹಚ್ಚಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಸ್ವಿಚ್ ಹಾಕಿದರೆ ಬೀದಿಯ ಆ ತುದಿಗೂ ಕಾಣುವಷ್ಟು ಬೆಳಕು ಬಿತ್ತು. ತಗ್ಗಾದ ತಗಡಿನ ಮೇಲೂ ಬಿತ್ತು.

"ಇಷ್ಟೇನಾ ರಂಜಿತ?" ಎಂದಳು ದೇವಿರಮ್ಮ.

"ಇಷ್ಟೇ ಅಕ್ಕ. ಕಾಲ್ ಗಂಟೆ."

ದೇವಿರಮ್ಮ ಗಂಡನ ಕಡೆ ತಿರುಗಿದಳು. "ನಾಳೆ ಫ್ಯಾಕ್ಟ್ರಿಗಲ್ಲ, ಮೊದ್ಲು ಠಾಣೆಗೋಗಿ. ಲೈಟು ಇರ್ನಿಲ್ಲ ಅಂತ ಯೋಳ್ಬುಟ್ಟು ಬನ್ನಿ. ಆಮೇಕ್ ಕೀ ಕೊಡ್ತೀನಿ."

"ಓಯ್ತೀನಿ" ಎಂದ ಮಾದಯ್ಯ. "ಇನ್ಮೇಕೆ ಲೈಟ್ ನೋಡ್ದೆ ಗಾಡಿ ಎತ್ತಾಕಿಲ್ಲ."

ಟ್ರೈಲರ್ ಇಟ್ಟಿರುವ ಅಣ್ಣಂದಿರೇ, ನಿಮ್ಮ ಗಾಡಿಗೂ ಬಣ್ಣ ಬಳಿದಿರುತ್ತೀರಿ. ಇವತ್ತೇ ಹೋಗಿ ಅರ್ತ್ ಬೋಲ್ಟ್ ಬಿಚ್ಚಿ ನೋಡಿ, ಅಡಿಯಲ್ಲಿ ಬರಿ ಕಬ್ಬಿಣ ಕಾಣಬೇಕು. ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ, ಇಂಡಿಕೇಟರ್ ಹಾಕಿ. ಕಬ್ಬಿನ ಸೋಗೆ ದೀಪ ಮುಚ್ಚದಿರಲಿ, ಹಿಂದುಗಡೆ ಬೆಳಕಿಗೆ ಹೊಳೆಯುವ ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ಕೈಲಾಗದಿದ್ದರೆ ಬಲ್ಲವರನ್ನು ಕರೆಯಿರಿ, ಅವರು ಹೆಂಗಸೋ ಗಂಡಸೋ ಎಂದು ನೋಡಬೇಡಿ. ಈ ಗೌರಿಗೆ ದೇವಿರಮ್ಮನ ಮನೆಗೆ ಬಾಗಿನ ಬರುವುದಿಲ್ಲ. ನಿಮ್ಮ ಟ್ರೈಲರ್ ಹಿಂದೆ ಬರುತ್ತಿರುವವನು ಯಾರ ತಮ್ಮನೋ, ಅವನು ಅಕ್ಕನ ಮನೆ ಮುಟ್ಟಲಿ.